ದೈವದ ತಲೆಗೆ ಕಟ್ಟಿದ ನಷ್ಟ

ಚೆನ್ನೈಯ ನಮ್ಮವರ ಕೂಟಗಳಲ್ಲಿ ಡಿಸೆಂಬರ್ ಮಳೆಯ ಮಾತು ಬಂದಾಗಲೆಲ್ಲ ಒಂದು ಸಮಾಧಾನದ ವಾಕ್ಯ ಕೇಳಿಬರುತ್ತದೆ: ‘ಪ್ರಕೃತಿ ಮುನಿದರೆ ಕಾರ್ಖಾನೆಯೇನು ಮಾಡೀತು?’ ಮೋಟಾರು ಉದ್ಯಮದಲ್ಲಿ ದೊಡ್ಡ ಹುದ್ದೆಯಲ್ಲಿರುವ ಮಿತ್ರರೇ ಹೀಗೆನ್ನುತ್ತಾರೆ. ನಾನಿದನ್ನು ಒಪ್ಪಲಾರೆ. ಭೂಕಂಪ, ನೆರೆಗಳು ಪ್ರಕೃತಿಯವು. ಅವುಗಳಿಂದ ಸಾವಿರಾರು ಮೈಲಿ ದೂರದಲ್ಲಿ ಕಾರಿನ ಉತ್ಪಾದನೆ ನಿಲ್ಲುವುದು ಮನುಷ್ಯನ ಲೆಕ್ಕಾಚಾರದ ಫಲ.

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿ ನಡುಗಿದಾಗ, ಕಾರುಗಳ ನಿಯಂತ್ರಣಕ್ಕೆ ಬೇಕಾದ ಚಿಪ್ ತಯಾರಿಸುತ್ತಿದ್ದ ಹಿತಾಚಿನಾಕಾದ ರೆನೆಸಾಸ್ ಕಾರ್ಖಾನೆ ಜೂನ್‌ವರೆಗೆ ಸ್ತಬ್ಧವಾಯಿತು. ಬಣ್ಣಕ್ಕೆ ಮಿನುಗು ಕೊಡುವ ಕ್ಸಿರಾಲಿಕ್ ಎಂಬ ದ್ರವ್ಯವಂತೂ ಆಗ ಇಡೀ ಜಗತ್ತಿನಲ್ಲಿ ತಯಾರಾಗುತ್ತಿದ್ದುದು ಒನಾಹಾಮಾದ ಮೆರ್ಕ್ ಕಾರ್ಖಾನೆಯೊಂದರಲ್ಲೇ. ಅದು ಮುಚ್ಚಿದೊಡನೆ ಅಮೆರಿಕದ ಫೋರ್ಡ್ ಕಂಪನಿ ಒಂದು ಬಗೆಯ ಕಪ್ಪು, ಕೆಲವು ಬಗೆಯ ಕೆಂಪು ವಾಹನಗಳ ಬೇಡಿಕೆಗೆ ತಡೆಯೊಡ್ಡಿತು. (ಒಂದು ಕಾಲಕ್ಕೆ ಕಪ್ಪನ್ನುಳಿದು ಬೇರೆ ಬಣ್ಣ ಹಚ್ಚೆನೆಂದ ಹೆನ್ರಿ ಫೋರ್ಡರ ಕಂಪನಿಗೆ ಕಪ್ಪಿನದೇ ಬರ!) ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕೂಡ ಬಿಡಿಭಾಗಗಳಿಲ್ಲದೆ ಆ ಏಪ್ರಿಲ್‌ನಿಂದ ಉತ್ಪಾದನೆ ತಗ್ಗಿಸಿತು. ಬಿಡದಿಯ ನೆಲವೇನೂ ನಡುಗಿರಲಿಲ್ಲ.

ದಾಸ್ತಾನೆಂದರೆ ವ್ಯರ್ಥ, ಬೇಕಾದಾಗ ಬೇಕಾದಷ್ಟೇ ತರಿಸಬೇಕು ಎಂಬುದು ಟೊಯೋಟಾದ ತಾಯಿಚಿ ಓನೊ ರೂಢಿಸಿದ ಪದ್ಧತಿ. ಕಣಜ, ಹಗೇವುಗಳನ್ನು ಕಟ್ಟಿ ಬರಗಾಲ ದಾಟಿದ ನಮ್ಮ ರೈತ ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದ. 2007ರಲ್ಲಿಯೇ ಭೂಕಂಪಕ್ಕೆ ಸಿಕ್ಕಿದ ಕಾಶಿವಾಜಾಕಿಯ ರಿಕೆನ್ ಸಂಸ್ಥೆಯಿಂದ ಪಿಸ್ಟನ್ ಉಂಗುರಗಳು ಬಾರದೆ ಜಪಾನಿನ ಕಾರು ತಯಾರಕರು ಕೈಕಟ್ಟಿ ಕುಳಿತಿದ್ದರು. ಆ ಪಾಠ ಸಾಲಲಿಲ್ಲ. 2011ರ ಬಳಿಕವಷ್ಟೇ ಟೊಯೋಟಾ ತನ್ನ ಪೂರೈಕೆದಾರರಿಗೆ ಎರಡರಿಂದ ಆರು ತಿಂಗಳ ಚಿಪ್ ಸಂಗ್ರಹವಿರಲೆಂದು ವಿಧಿಸಿತು. 2021ರ ಆರಂಭದಲ್ಲಿ ಚಿಪ್ ಅಭಾವದಿಂದ ಉಳಿದವರು ಕಂಗೆಟ್ಟಾಗ ಅದು ಕೆಲಕಾಲವಾದರೂ ತಾಳಿಕೊಂಡದ್ದು ಈ ಬಲದಿಂದ. ಎಂದ ಮೇಲೆ ಇದರಲ್ಲಿ ದೈವದ ಕೈವಾಡವೆಲ್ಲಿ?

ಇನ್ನು ನೆಲದ ಮಾತು. ಗದ್ದೆಬಯಲಾಗಿದ್ದ ಥಾಯ್ಲೆಂಡಿನ ಅಯುತಾಯದಲ್ಲಿ ಹೋಂಡಾ ಕಾರ್ಖಾನೆ 2011ರ ಅಕ್ಟೋಬರಿನಲ್ಲಿ ಮುಳುಗಿತು. ನೀರು ಕುಡಿದ 1,055 ಹೊಸ ಕಾರುಗಳನ್ನು ಗುಜರಿಗೆ ಹಾಕಲಾಯಿತು. ನಮ್ಮ ಶ್ರೀಪೆರುಂಬುದೂರು, ಒರಗಡಂಗಳೂ ಏರಿಗಳ, ಅಂದರೆ ಕೆರೆಗಳ, ಸೀಮೆಯೇ. 2015ರ ಡಿಸೆಂಬರಿನಲ್ಲಿ ಹ್ಯುಂಡೈ, ಫೋರ್ಡ್, ರೆನೋ-ನಿಸಾನ್ ಕೆಲಸ ನಿಲ್ಲಿಸಿದವು. 2023ರ ಮಿಚೌಂಗ್ ಚಂಡಮಾರುತದಲ್ಲಿ ಈ ಭಾಗದ ಕಾರ್ಖಾನೆಗಳು ಮತ್ತೆ ನಿಂತವು. ಕಂಪನಿ ತನ್ನ ನಷ್ಟಕ್ಕೆ ವಿಮೆ ಮಾಡಿಸಬಹುದು. ಆ ದಿನಗಳಲ್ಲಿ ಗೇಟಿನ ಹೊರಗುಳಿದ ಗುತ್ತಿಗೆಯ ಹುಡುಗನ ಕೂಲಿಗೆ ವಿಮೆ ಯಾರು ಮಾಡಿಸಿದ್ದಾರೆ?

ಮುಂದಿನ ಕಾರು ವಿದ್ಯುತ್ತಿನದು. ಅದಕ್ಕೆ ಚಿಪ್ಪುಗಳು ಇನ್ನೂ ಹೆಚ್ಚು ಬೇಕು. ಅವನ್ನು ತಯಾರಿಸಲೆಂದು ಗುಜರಾತಿನ ಧೊಲೇರಾದಲ್ಲಿ ಟಾಟಾ ಕಾರ್ಖಾನೆಗೆ 2024ರಲ್ಲಿ ಅಡಿಗಲ್ಲು ಬಿತ್ತು. ವೆಚ್ಚದ ಅರ್ಧ ಕೇಂದ್ರದ ಬೊಕ್ಕಸದ್ದು. ಅದು ಖಂಭಾತ್ ಕೊಲ್ಲಿಯಂಚಿನ ತಗ್ಗು ಬಯಲು. ಸರ್ಕಾರದ ಕಡತಗಳ ನಡುವೆ ಆಯುಷ್ಯ ಸವೆಸಿದ ನಾನು ಕೇಳುವುದಿಷ್ಟೇ: ಸಹಾಯಧನದ ಪ್ರತಿ ಕಡತದಲ್ಲಿ ಆ ನೆಲದ ನೆರೆಯ ನಕ್ಷೆಯಿರಲಿ, ಬಿಡಿಭಾಗಗಳ ಎಷ್ಟು ದಿನದ ದಾಸ್ತಾನಿದೆಯೆಂಬ ಲೆಕ್ಕವಿರಲಿ, ಕೆಲಸ ನಿಂತ ದಿನಗಳ ಕೂಲಿಯ ಹೊಣೆ ಯಾರದೆಂಬ ಸಹಿಯಿರಲಿ. ಕೂಟದ ಮಿತ್ರರು ಮುಂದಿನ ಸಲ ಪ್ರಕೃತಿಯನ್ನು ದೂರುವ ಮುನ್ನ ತಮ್ಮ ಕಾರ್ಖಾನೆಯ ಈ ಮೂರು ಕಾಗದಗಳನ್ನು ತಂದು ತೋರಿಸಲಿ.