ಹೊಳಪಿನ ಕೆಳಗಿನ ಕೊಳೆತ

ಬಾಗಿಲು, ಕಿಟಕಿಗಳ ದುರಸ್ತಿಯನ್ನು ಈ ತಿಂಗಳು ಬದಿಗಿಟ್ಟು, ದೋಣಿಯೊಂದರ ಸಂಗತಿಯನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ. ಬಯಲುಸೀಮೆಯ ಕೋಲಾರಕ್ಕೂ ದೋಣಿಗೂ ಎಲ್ಲಿಯ ನಂಟು ಎನ್ನಬೇಡಿ. ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ಬೇತಮಂಗಲದ ಕೆರೆ ಚಿನ್ನದ ಗಣಿಯೂರಿಗೆ ನೀರುಣಿಸಿದ ಕೆರೆ. 2021ರ ನವೆಂಬರಿನ ಭಾರೀ ಮಳೆಗೆ ಜಿಲ್ಲೆಯ ಕೆರೆಗಳು ತುಂಬಿದಾಗ, ಬಂಗಾರಪೇಟೆಯ ನಮ್ಮ ಷಡ್ಡಕರಿಗೆ ತಮ್ಮ ತೋಟದ ಹುಣಸೆಮರದಡಿ ಬಿದ್ದಿದ್ದ ಹಳೆಯ ಫೈಬರ್‌ಗ್ಲಾಸ್ ದೋಣಿಯ ನೆನಪಾಯಿತು.

ಅದರ ಡೆಕ್ಕಿಗೆ ಬಣ್ಣ ಬಳಿದರೆ ಸಾಕೆಂದು ಸಲಹೆಯಿತ್ತವನು ನಾನೇ. ಫೈಬರ್ ಕೊಳೆಯುವುದಿಲ್ಲವೆಂಬ ಧೈರ್ಯ. ಬಣ್ಣ ಒಣಗಿದ ಮೇಲೆ ನನ್ನ ಅಳಿಯ ಹತ್ತಿ ನಿಂತೊಡನೆ ಅವನ ಕಾಲು ಮೊಣಕಾಲಿನವರೆಗೆ ಒಳಗಿಳಿಯಿತು. ದೋಣಿ ಅಂಗಳದಲ್ಲಿದ್ದುದರಿಂದ ತರಚುಗಾಯದಲ್ಲಿ ಮುಗಿಯಿತು. ಕೆರೆಯ ನಡುವೆ, ಮೊಮ್ಮಕ್ಕಳು ಕುಳಿತಿದ್ದಾಗ ಹೀಗಾಗಿದ್ದರೆ? ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ.

ಫೈಬರ್ ಕೊಳೆಯದು, ನಿಜ. ಆದರೆ ಇಂತಹ ಡೆಕ್ಕಿನಲ್ಲಿ ಗಾಜುನಾರಿನ ಎರಡು ತೆಳುಪದರಗಳ ನಡುವೆ ಪ್ಲೈವುಡ್ ಇರುತ್ತದೆ. ತಿರುಪುಗಳ ರಂಧ್ರದಿಂದ ಇಳಿದ ನೀರಿಗೆ ಹೊರಬರುವ ದಾರಿಯಿಲ್ಲ. ಮರ ಒಳಗೊಳಗೇ ಕೊಳೆಯುತ್ತದೆ, ಮೇಲಣ ಹೊಳಪು ಹಾಗೆಯೇ ಇರುತ್ತದೆ.

ಷಡ್ಡಕರು ನಂದಿದುರ್ಗ ಗಣಿಯಲ್ಲಿ ದುಡಿದವರು; 2001ರಲ್ಲಿ ಗಣಿ ಮುಚ್ಚುವವರೆಗೂ ಅಲ್ಲಿದ್ದರು. ಪಾತಾಳದಲ್ಲಿ ತಲೆಯ ಮೇಲಣ ಬಂಡೆಯನ್ನು ಸಲಾಕೆಯಿಂದ ತಟ್ಟಿ, ಸದ್ದಿನಿಂದಲೇ ಅದರ ಗಟ್ಟಿತನ ತಿಳಿಯುವುದು ಅವರ ಅಭ್ಯಾಸ. ಸಣ್ಣ ಸುತ್ತಿಗೆ ಹಿಡಿದು ಡೆಕ್ಕನ್ನು ಅಂಗುಲ ಅಂಗುಲವಾಗಿ ತಟ್ಟಿದರು. ಗಟ್ಟಿಯಿದ್ದೆಡೆ ಟಣ್ಣೆಂದಿತು, ಕೊಳೆತೆಡೆ ಮಂದವಾಗಿ ಬೊದ್ದೆಂದಿತು. ಸೀಮೆಸುಣ್ಣದಿಂದ ಗೆರೆಯೆಳೆದಾಗ ಡೆಕ್ಕಿನ ಅರ್ಧಕ್ಕಿಂತ ಹೆಚ್ಚು ಭಾಗ ಗೆರೆಯೊಳಗಿತ್ತು.

"ಇದನ್ನು ಬಣ್ಣಕ್ಕೆ ಮೊದಲೇ ತಟ್ಟಬೇಕಿತ್ತು, ಅಣ್ಣಾ" ಎಂದರು. ಅಷ್ಟೇ.

ಮೇಲಿನ ಪದರವನ್ನಷ್ಟೇ ಕೊಯ್ದು, ಕರಿಮಣ್ಣಿನಂತಾಗಿದ್ದ ಮರವನ್ನು ಕೆರೆದು ತೆಗೆದು, ವಾರಗಟ್ಟಲೆ ಒಣಗಲು ಬಿಟ್ಟರು. ತೇವ ಉಳಿದರೆ ಅಂಟು ಹಿಡಿಯದು. ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ತಂದು, ಅದರ ಅಂಚುಗಳಿಗೆಲ್ಲ ಎಪಾಕ್ಸಿ ಕುಡಿಸಿ ಕೂರಿಸಿದರು. ಹಳೆಯ ಪದರ ಹೊಸದನ್ನು ಸೇರುವಲ್ಲಿ ಅಂಚನ್ನು ಇಳಿಜಾರಾಗಿ ಉಜ್ಜಬೇಕು, 3 ಮಿ.ಮೀ. ದಪ್ಪಕ್ಕೆ ಸುಮಾರು 36 ಮಿ.ಮೀ. ಇಳಿಜಾರು. ತಿರುಪಿನ ರಂಧ್ರಗಳನ್ನು ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಮತ್ತೆ ಸಣ್ಣದಾಗಿ ಕೊರೆದರು. ಇನ್ನು ತಿರುಪು ಮರವನ್ನು ಮುಟ್ಟುವುದೇ ಇಲ್ಲ.

ಅಗ್ಗವೆಂದು ಪಾಲಿಯೆಸ್ಟರ್ ರೆಸಿನ್ ಕೊಳ್ಳುವವರಿಗೆ ಒಂದು ಮಾತು. ಅದರೊಂದಿಗೆ ಬರುವ ಕೋಬಾಲ್ಟ್ ದ್ರವವನ್ನೂ ಗಟ್ಟಿಗೊಳಿಸುವ ಪೆರಾಕ್ಸೈಡ್ ದ್ರವವನ್ನೂ ನೇರವಾಗಿ ಎಂದಿಗೂ ಬೆರೆಸಕೂಡದು, ಬೆಂಕಿ ಹತ್ತಿ ಸಿಡಿಯಬಹುದು. ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿ, ಇನ್ನೊಂದನ್ನು ಆಮೇಲೆ ಹಾಕಬೇಕು. ಎರಡನ್ನೂ ಮಕ್ಕಳ ಕೈಗೆಟುಕದಂತೆ ಬೇರೆ ಬೇರೆ ಇಡಬೇಕು. ಉಜ್ಜುವಾಗ ಏಳುವ ಗಾಜಿನ ದೂಳಿಗೆ ಮೂಗು, ಬಾಯಿ ಮುಚ್ಚುವ ಮಾಸ್ಕ್ ಬೇಕೇ ಬೇಕು.

ದೋಣಿ ಇನ್ನೂ ಅಂಗಳದಲ್ಲಿದೆ. ನೀರಿಗಿಳಿಸಲು ಅನುಮತಿ ಸಿಗಬೇಕು. ಮೊಮ್ಮಕ್ಕಳ ಜೀವರಕ್ಷಕ ಅಂಗಿಗಳು ಮಾತ್ರ ಬಂದಿವೆ. ಮೊನ್ನೆ ಅಳಿಯ ಅದನ್ನು ಹತ್ತುವ ಮುನ್ನ, ಸುತ್ತಿಗೆ ಎಲ್ಲಿದೆಯೆಂದು ಕೇಳಿದ.