ಹೆಸರಿಗಿಂತ ನಡವಳಿಕೆ ದೊಡ್ಡದು

ವ್ಯಾಪಾರಕ್ಕೆ ಬಂಡವಾಳ ಬೇಕು, ಜಾಣತನ ಬೇಕು, ಗಿರಾಕಿಯ ನಂಬಿಕೆ ಬೇಕು ಎಂದು ಹಿರಿಯರು ಹೇಳುತ್ತಿದ್ದರು. ಈಗ ಇವೆಲ್ಲಕ್ಕೂ ಮೊದಲು ‘ಬಿಸಿನೆಸ್ ಮಾಡೆಲ್’ ಒಂದಿರಬೇಕಂತೆ! ಇಂದಿರಾನಗರದ ಕಾಫಿ ಅಂಗಡಿಗಳಲ್ಲಿ ತರುಣರ ನಾಲಗೆಯ ಮೇಲೆ ಹೊರಳಾಡುತ್ತಿದ್ದ ಈ ಮಾತು ಕರಾರುಪತ್ರಗಳನ್ನೂ ಹೊಕ್ಕಿದೆ. ಹರಟೆಯಲ್ಲಿ ಸಡಿಲವಾಗಿರುವ ಪದ ಕಾಗದದ ಮೇಲೆ ಬಂದು, ಅದರ ಕೆಳಗೆ ರುಜು ಬಿದ್ದ ಮೇಲೆ ಅದಕ್ಕೆ ಅರ್ಥ ಹೇಳುವವರು ಯಾರು?

1872ರ ಕರಾರು ಕಾಯಿದೆಯಲ್ಲಾಗಲಿ, 1932ರ ಪಾಲುದಾರಿಕೆ ಕಾಯಿದೆಯಲ್ಲಾಗಲಿ ಈ ಪದವಿಲ್ಲ. ಆದರೆ ಪದದ ತಿರುಳನ್ನು ಹಳೆಯ ಕಾಯಿದೆ ಚೆನ್ನಾಗಿಯೇ ಬಲ್ಲದು. ಅರ್ಥ ನಿಶ್ಚಯವಿಲ್ಲದ, ನಿಶ್ಚಯಿಸಲೂ ಬಾರದ ಕರಾರು ಅಸಿಂಧು ಎನ್ನುತ್ತದೆ ಕರಾರು ಕಾಯಿದೆಯ 29ನೆಯ ಕಲಂ. ಅದರ ಕೆಳಗೆ ಕೊಟ್ಟಿರುವ ಉದಾಹರಣೆ ಸೊಗಸಾಗಿದೆ. ಒಬ್ಬನು ನೂರು ಟನ್ ಎಣ್ಣೆ ಮಾರುತ್ತೇನೆಂದು ಒಪ್ಪುತ್ತಾನೆ. ಯಾವ ಎಣ್ಣೆಯೆಂದು ತಿಳಿಯುವ ದಾರಿಯೇ ಇಲ್ಲದಿದ್ದರೆ ಆ ಕರಾರು ನಿಲ್ಲುವುದಿಲ್ಲ. ಆದರೆ ಮಾರುವವನು ಕೊಬ್ಬರಿ ಎಣ್ಣೆಯನ್ನಲ್ಲದೆ ಬೇರೇನನ್ನೂ ಮಾರದ ವರ್ತಕನಾಗಿದ್ದರೆ? ಆಗ ‘ಎಣ್ಣೆ’ ಎಂದರೆ ಕೊಬ್ಬರಿ ಎಣ್ಣೆಯೇ, ಕರಾರೂ ಸಿಂಧುವೇ. ಕಾಗದ ಹೇಳದೆ ಬಿಟ್ಟದ್ದನ್ನು ಕಸುಬೇ ಹೇಳಿತು.

ಹೊಸ ವ್ಯಾಪಾರಗಳಿಗೆ ಸರಕಾರವೂ ಇದೇ ದಾರಿಯಲ್ಲಿ ಅರ್ಥ ಹೇಳಿದೆ. ಇಂಟರ್‌ನೆಟ್ಟಿನ ಮಾರಾಟದಲ್ಲಿ ವಿದೇಶಿ ಬಂಡವಾಳದ ಕುರಿತು 2016ರಲ್ಲಿ ಹೊರಟ ಕೇಂದ್ರದ ಪ್ರಕಟಣೆ ಎರಡು ಮಾದರಿಗಳನ್ನು ಗುರುತಿಸಿತು. ಸರಕು ತನ್ನದೇ ಆಗಿದ್ದು ನೇರವಾಗಿ ಗಿರಾಕಿಗೆ ಮಾರಿದರೆ ಒಂದು ಮಾದರಿ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ವೇದಿಕೆಯನ್ನು ಮಾತ್ರ ಒದಗಿಸಿದರೆ ಇನ್ನೊಂದು. ಎರಡನೆಯದನ್ನು ಅರಿಯಲು ದಂಡು ಪ್ರದೇಶದ ಜನ ದೂರ ಹೋಗಬೇಕಿಲ್ಲ. ಶಿವಾಜಿನಗರದ ರಸೆಲ್ ಮಾರ್ಕೆಟ್ಟನ್ನು ನೆನೆದರೆ ಸಾಕು. ಕಟ್ಟಡ ನಗರಾಡಳಿತದ್ದು, ಹಣ್ಣು ಅಂಗಡಿಯವನದು. ಹಣ್ಣು ಕೊಳೆತರೆ ನಷ್ಟ ಯಾರಿಗೆಂದು ಯಾರೂ ಕೇಳಬೇಕಾಗಿಲ್ಲ.

ಎಲ್ಲ ವ್ಯವಹಾರವೂ ಹೀಗೆ ಕಣ್ಣಿಗೆ ಕಾಣುವಂತಿದ್ದರೆ ಜಗಳವೇ ಇರುತ್ತಿರಲಿಲ್ಲ. ಹಲಸೂರಿನಿಂದ ಶಿವಾಜಿನಗರಕ್ಕೆ ಹೋಗುವ ಆಟೋವನ್ನೇ ನೋಡಿ. ಬೀದಿಯಲ್ಲಿ ಕೈ ಅಡ್ಡ ಹಿಡಿದು ಹತ್ತಿದರೆ ಬಾಡಿಗೆಯ ಮೇಲೆ ಜಿ.ಎಸ್.ಟಿ. ಇಲ್ಲ. ಆ್ಯಪ್ ಮೂಲಕ ಹತ್ತಿದ ಸವಾರಿಗೆ 2022ರ ಜನವರಿ 1ರಿಂದ ಶೇಕಡಾ 5ರ ತೆರಿಗೆ ಬಂದಿತು. ಸೇವೆ ಕಂಪನಿಯ ‘ಮೂಲಕ’ ಒದಗಿದ್ದರೆ ತೆರಿಗೆಯನ್ನು ಕಂಪನಿಯೇ ಕಟ್ಟಬೇಕೆಂಬುದು ಕಾಯಿದೆಯ ಮಾತು. ನೂರು ರೂಪಾಯಿ ಬಾಡಿಗೆಯಲ್ಲಿ ಐದು ರೂಪಾಯಿಯ ಗತಿ ‘ಮೂಲಕ’ ಎಂಬ ಮೂರಕ್ಷರದ ಮೇಲೆ ನಿಂತಿತು!

2022ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ನಮ್ಮ ಯಾತ್ರಿ’ಯ ಏರ್ಪಾಡು ಬೇರೆ ಬಗೆಯದು. ಬಾಡಿಗೆ ನೇರವಾಗಿ ಚಾಲಕನ ಕೈಗೆ ಸೇರುತ್ತದೆ; ಅದರಲ್ಲಿ ಕಂಪನಿಗೆ ಪಾಲಿಲ್ಲ; ಆ್ಯಪ್ ಬಳಸುವುದಕ್ಕಾಗಿ ಚಾಲಕನು ಚಂದಾ ಕೊಡುತ್ತಾನೆ. ಇಲ್ಲಿ ಸವಾರಿ ಕಂಪನಿಯ ‘ಮೂಲಕ’ ಒದಗಿದ್ದಲ್ಲ ಎಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿತು. ಚಂದಾ ಮಾದರಿಯನ್ನೇ ಮುಂದಿಟ್ಟುಕೊಂಡು ಊಬರ್ ಕೇಳಿದಾಗ, 2024ರಲ್ಲಿ, ಸವಾರಿ ಒದಗುವುದು ಅದರ ‘ಮೂಲಕ’ವೇ, ತೆರಿಗೆ ಕಟ್ಟತಕ್ಕದ್ದು ಎಂದಿತು. ಇಂಥ ತೀರ್ಪು ಕೇಳಿದವರನ್ನೂ ಅವರ ತೆರಿಗೆ ಅಧಿಕಾರಿಯನ್ನೂ ಮಾತ್ರ ಕಟ್ಟುತ್ತದೆ. ‘ಚಂದಾ’ ಎಂದು ಹೆಸರಿಟ್ಟ ಮಾತ್ರಕ್ಕೆ ಹೊಣೆ ಕಳೆಯಿತೆಂದು ಯಾರೂ ನೆಮ್ಮದಿಯಿಂದಿರುವಂತಿಲ್ಲ.

‘ಪಾರ್ಟ್‌ನರ್’ ಎಂಬ ಮಾತಿನ ಕಥೆಯೂ ಇಂಥದೇ. ಕೃಷ್ಣರಾಜಪುರದ ಬೀದಿಗಳಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣ ಹೊತ್ತು ತಿರುಗುವ ಹುಡುಗನಿಗೆ ಅದು ಬಿರುದು. ಆದರೆ 1932ರ ಕಾಯಿದೆಯ ಪ್ರಕಾರ ಪಾಲುದಾರಿಕೆಯೆಂದರೆ ವ್ಯಾಪಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ಸಂಬಂಧ. ಅದು ನಿಜವಾಗಿ ಇದೆಯೇ ಎಂಬುದನ್ನು ಎಲ್ಲ ಸಂಗತಿಗಳನ್ನೂ ಒಟ್ಟಿಗೆ ನೋಡಿ ತೀರ್ಮಾನಿಸಬೇಕೆಂದು 6ನೆಯ ಕಲಂ ವಿಧಿಸುತ್ತದೆ. ಲಾಭದಲ್ಲಿ ಪಾಲಿಲ್ಲದ, ದರ ಗೊತ್ತುಮಾಡುವಾಗ ಮಾತಿಲ್ಲದ ಪಾಲುದಾರ ಎಂಥ ಪಾಲುದಾರ? ಇಂಥ ಕೆಲಸಗಾರರಿಗಾಗಿ ಕರ್ನಾಟಕ 2025ರಲ್ಲಿ ಕಾಯಿದೆಯೊಂದನ್ನೇ ಮಾಡಿತು. ಕರಾರು ಅವರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿರಬೇಕು, ಷರತ್ತು ಬದಲಾಯಿಸುವುದಾದರೆ 14 ದಿನ ಮುಂಚೆ ತಿಳಿಸಬೇಕು ಎಂದು ಅದು ಹೇಳುತ್ತದೆ. ಅರ್ಥವಾಗದ ಮಾತಿಗೆ ರುಜು ಹಾಕಿಸುವುದು ನ್ಯಾಯವಲ್ಲವೆಂಬ ತಿಳಿವು ಕಾಯಿದೆಯ ಪುಟಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ.

ಮಗನು ಹೊಸ ಉದ್ಯೋಗದ ಕಾಗದ ತಂದಾಗ, ನಿವೃತ್ತರಾದ ತಂದೆ ಬಂದ ಗಂಟನ್ನು ಯಾರದೋ ಅಂಗಡಿಯ ಶಾಖೆಗೆ ತೊಡಗಿಸಹೊರಟಾಗ, ‘ಮಾಡೆಲ್’ ಎಂಬ ಮಾತಿಗೆ ಮರುಳಾಗದೆ ಮನೆಯವರು ಕೇಳಬೇಕಾದ ಪ್ರಶ್ನೆಗಳಿವೆ. ಹಣ ಮೊದಲು ಯಾರ ಕೈ ಸೇರುತ್ತದೆ? ಸರಕು ಯಾರದು? ದರ ಗೊತ್ತುಮಾಡುವವರು ಯಾರು? ನಷ್ಟ ಬಂದರೆ ಯಾರ ತಲೆಯ ಮೇಲೆ? ಷರತ್ತನ್ನು ಬದಲಾಯಿಸುವ ಅಧಿಕಾರ ಯಾರಿಗೆ? ಉತ್ತರಗಳು ಕರಾರುಪತ್ರದಲ್ಲಿಯೇ ಬರೆದಿದ್ದರೆ ರುಜು ಹಾಕಬಹುದು. ಇಲ್ಲದಿದ್ದರೆ ಬರೆಸಿಕೊಂಡೇ ಹಾಕಬೇಕು. ನೂರು ಟನ್ ಎಣ್ಣೆಯ ವರ್ತಕನನ್ನು ಅವನ ಕಸುಬು ಕಾಪಾಡಿತು; ಕಸುಬೇ ಇನ್ನೂ ಗೊತ್ತಿಲ್ಲದ ಕಡೆ ಕಾಪಾಡಬೇಕಾದದ್ದು ಬರೆದ ಮಾತೊಂದೇ.