ಬದುವಿನ ಸಾಗವಾನಿ ನಮ್ಮದು, ಟೇಪು ಯಾರದು?



ಗೊಂಜಾಳಕ್ಕೆ ಕ್ವಿಂಟಲಿಗೆ ಹತ್ತು ರೂಪಾಯಿ ಕಡಿಮೆ ಕೊಟ್ಟರೆ ಎ.ಪಿ.ಎಂ.ಸಿ. ಗೇಟಿನ ಮುಂದೆ ಕೂತು ಕೂಗುತ್ತೇವೆ. ಹತ್ತಿ ತೂಕದಲ್ಲಿ ಒಂದು ಕಿಲೋ ಮುರಿದರೆ ದಲಾಲನ ಅಂಗಿ ಹಿಡಿಯುತ್ತೇವೆ. ಆದರೆ ಹಳಿಯಾಳ, ಕಲಘಟಗಿ, ಮುಂಡಗೋಡ ಕಡೆ ಹೊಲದ ಬದುವಿನ ಮ್ಯಾಲೆ ಮೂವತ್ತು ನಲವತ್ತು ವರ್ಷ ನಿಂತ ಸಾಗವಾನಿ ಮಾರುವಾಗ ಮಾತ್ರ ನಮ್ಮ ಬಾಯಿ ಬಿದ್ದುಹೋಗುತ್ತದೆ.

ಕಾರಣ ನಿಮಗೂ ಗೊತ್ತು. ದರ ನೋಡಿ ನಾವು ಮರ ಮಾರುವುದಿಲ್ಲ, ಸೊಸೈಟಿ ನೋಟೀಸು ನೋಡಿ ಮಾರುತ್ತೇವೆ. ಮಗಳ ಮದುವೆ ಗೊತ್ತಾದ ಮ್ಯಾಲೆ ಮಾರುತ್ತೇವೆ. ಅದು ವ್ಯಾಪಾರಿಗೂ ಗೊತ್ತಿರತೈತಿ. ಆತ ಬಂದು ಮರವನ್ನೊಮ್ಮೆ ತಬ್ಬಿ, ತುದಿ ನೋಡಿ, 'ಎಲ್ಲಾ ಕೂಡಿ ಇಷ್ಟು' ಅಂತಾನೆ. ನಾವು ಹೂಂ ಅಂತೀವಿ. ಅಳತೆಯ ಮಾತೇ ಏಳುವುದಿಲ್ಲ.

ಅಳತೆ ಮಾಡಿದರೂ ಹೆಂಗ ಮಾಡ್ತಾರ ನೋಡ್ರಿ. ಎಡ್ವರ್ಡ್ ಹಾಪಸ್ ಎಂಬ ಇಂಗ್ಲಿಷಿನವನು 1736ರಲ್ಲಿ ಅಚ್ಚು ಹಾಕಿಸಿದ ಲೆಕ್ಕ ಇವತ್ತಿಗೂ ಮರದ ಪೇಟೆಯಲ್ಲಿ ನಡೆದೈತಿ. ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸು, ಬಂದದ್ದನ್ನು ಅದರಿಂದಲೇ ಗುಣಿಸು, ಮತ್ತೆ ಉದ್ದದಿಂದ ಗುಣಿಸು. 48 ಇಂಚು ಸುತ್ತು, 10 ಅಡಿ ಉದ್ದದ ದಿಮ್ಮಿ ಇದ್ದರೆ ಕಾಲುಭಾಗ 12 ಇಂಚು, ಅಂದರೆ ಒಂದಡಿ. ಲೆಕ್ಕ 10 ಘನ ಅಡಿ. ಸರಿ ಅನಿಸತೈತಿ. ಆದರೆ ದಿಮ್ಮಿ ದುಂಡಗಿದೆ, ಚೌಕವಾಗಿಲ್ಲ. ದುಂಡನೆಯ ಲೆಕ್ಕ ಹಾಕಿದರೆ ಅದರಲ್ಲಿರುವ ಮರ 12.73 ಘನ ಅಡಿ. ಪುಕ್ಕಟೆ ಹೋದದ್ದು ಎರಡೂಮುಕ್ಕಾಲು ಅಡಿ, ನೂರಕ್ಕೆ 21ಕ್ಕಿಂತ ಹೆಚ್ಚು. ನಿಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಓದುತ್ತಿದ್ದರೆ ಅವರ ಕೈಲಿ ಮಾಡಿಸಿ ನೋಡ್ರಿ.

ಕೊಯ್ಯುವಾಗ ಹೊಟ್ಟು ಹೋಗತೈತಿ, ಚಕ್ಕೆ ಹೋಗತೈತಿ, ಅದಕ್ಕೇ ಈ ಲೆಕ್ಕ ಎಂದು ವ್ಯಾಪಾರಿ ಹೇಳುತ್ತಾನೆ. ಹೋಗುವುದು ಖರೆ. ಹಾಗಾದರೆ ಅದನ್ನು ಅಳತೆಯಲ್ಲಿ ಒಮ್ಮೆ, ದರದಲ್ಲಿ ಒಮ್ಮೆ, ತೊಗಟೆಯ ಹೆಸರಲ್ಲಿ ಇನ್ನೊಮ್ಮೆ ಯಾಕೆ ಕಳೆಯಬೇಕು? ಹಾಪಸ್ ಲೆಕ್ಕವೇ ಇರಲಿ ಬೇಕಾದರೆ, ಆದರೆ ದರ ಕುದುರಿಸುವಾಗ ಈ ಐದನೇ ಒಂದು ಪಾಲು ನಮ್ಮ ತಲೆಯಲ್ಲಿರಲಿ.

ವ್ಯಾಪಾರಿಯ ಒಂದು ಮಾತು ಮಾತ್ರ ಒಪ್ಪಬೇಕು. ನೀರು ಗೊಬ್ಬರ ಕುಡಿದು ಬೇಗ ದಪ್ಪಾದ ಎಳೇ ಮರದಲ್ಲಿ ಹೊರಗಿನ ಬಿಳಿ ಭಾಗವೇ ಹೆಚ್ಚು. ಎಣ್ಣೆ ಇರುವುದು ಒಳಗಿನ ಕಂದು ಚೇಗಿನಲ್ಲಿ. ಗೆದ್ದಲು ತಡೆಯುವುದೂ ಅದೇ, ಬಿಳಿ ಭಾಗವಲ್ಲ. 1990ರ ದಶಕದಲ್ಲಿ ಪಟ್ಟಣದ ಕಂಪನಿಗಳು ಸಾಗವಾನಿ ಗಿಡ ತೋರಿಸಿ, ಇಪ್ಪತ್ತು ವರ್ಷಕ್ಕೆ ಲಕ್ಷ ಲಕ್ಷ ಎಂದು ಜನರಿಂದ ದುಡ್ಡು ಎತ್ತಿದ್ದು ನೆನಪೈತಲ್ಲ? ಅನೇಕ ಕಂಪನಿ ಮುಳುಗಿದವು. 1999ರಲ್ಲಿ ಸೆಬಿ ನಿಯಮ ತರುವಷ್ಟರಲ್ಲಿ ದುಡ್ಡು ಹೋಗಿತ್ತು.

ಮರವನ್ನು ನಿಂತಲ್ಲೇ ಮಾರಬೇಡಿ ಅನ್ನುವುದು ನನ್ನ ಮಾತು. ಕಡಿಸಿ, ಕೊಯ್ಸಿ, ಹಲಗೆಗಳ ನಡುವೆ ಪಟ್ಟಿ ಇಟ್ಟು ನೆರಳಲ್ಲಿ ಒಟ್ಟಿ ಒಣಗಿಸಿರಿ. ನಮ್ಮೂರ ಬಡಿಗ್ಯಾರನಿಗೆ ಈ ಮರದ ಗುಣ ಗೊತ್ತು. ಮರದೊಳಗಿನ ಮರಳಿನಂಥ ಅಂಶಕ್ಕೆ ಉಳಿ ಬೇಗ ಮೊಂಡಾಗತೈತಿ, ಆತ ಬೈಕೊಂತ ಮಸೆಯುತ್ತಾನೆ. ಆದರೆ ಒಣಗಿದ ಸಾಗವಾನಿ ಸೊಟ್ಟಾಗುವುದು ಕಡಿಮೆ, ಮಳೆಗಾಲದಲ್ಲೂ ಬಾಗಿಲು ಬಿಗಿಯುವುದಿಲ್ಲ. ಚೌಕಟ್ಟು, ಬಾಗಿಲು ಊರಲ್ಲೇ ಆದರೆ ಕೂಲಿ ಊರಲ್ಲೇ ಉಳಿಯತೈತಿ. ಈಗೇನಾಗೈತಿ? ನಮ್ಮ ಮರ ದಿಮ್ಮಿಯಾಗಿ ಪೇಟೆಗೆ ಹೋಗಿ, ಬಾಗಿಲಾಗಿ ನಮಗೇ ವಾಪಸು ಬರತೈತಿ. ಮ್ಯಾನ್ಮಾರ್ 2014ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿತು. ಆದರೂ ಆಫ್ರಿಕಾ, ದಕ್ಷಿಣ ಅಮೆರಿಕದ ತೋಟದ ಸಾಗವಾನಿ ಹಡಗಿನಲ್ಲಿ ಬಂದು ನಮ್ಮ ದರದ ಮ್ಯಾಲೆ ಕೂತೈತಿ.

ಇದಕ್ಕೆಲ್ಲ ಅಡ್ಡ ನಿಂತದ್ದು ಕಾಗದ. 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ನೀಲಗಿರಿ ಕಡಿಯಲು ಅಪ್ಪಣೆ ಬೇಡ, ಸಾಗವಾನಿಗೆ ಬೇಕು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಯಾವ ಸಸಿ ಕಿತ್ತೆಸೆದರೋ ಅದಕ್ಕೇ ರಿಯಾಯಿತಿ! ಕಡಿಯಲು ಅಪ್ಪಣೆ, ಮುದ್ರೆ, ಸಾಗಿಸಲು ಪಾಸು. ಈ ಅಲೆದಾಟ ತಪ್ಪಲೆಂದೇ ನಾವು ನಿಂತ ಮರ ಮಾರುತ್ತೇವೆ. ಕಾಗದ ನಾನು ಮಾಡಿಸ್ತೀನಿ ಎನ್ನುವ ವ್ಯಾಪಾರಿ ಅದರ ಖರ್ಚನ್ನೂ ನಮ್ಮ ದರದಲ್ಲೇ ಮುರಿಯುತ್ತಾನೆ. ಕಾಡಿನ ಮರ ಕದ್ದು ಹೊಲದ್ದೆಂದು ತೋರಿಸುವವರು ಇದ್ದಾರೆ, ತಪಾಸಣೆ ಬೇಡವೆಂದು ನಾನು ಹೇಳುವುದಿಲ್ಲ. ಪಹಣಿಯಲ್ಲಿ ಮರ ದಾಖಲಾದ ರೈತನಿಗೆ ಅಧಿಕಾರಿ ಹೊಲಕ್ಕೇ ಬಂದು ಅಳೆದು ಮುದ್ರೆ ಹಾಕಿ, ಅಂದೇ ಪಾಸು ಕೊಡಲಿ. ತಾಲೂಕು ಸಭೆಯಲ್ಲಿ ಇಡಬೇಕಾದ ಬೇಡಿಕೆ ಇದು.

ಅಲ್ಲಿಯತನಕ ಪಹಣಿಯ ಮರಗಳ ಕಾಲಮ್ಮು ಖಾಲಿ ಐತೇನು ನೋಡ್ರಿ. ಖಾಲಿ ಇದ್ದರೆ ಗ್ರಾಮ ಆಡಳಿತಾಧಿಕಾರಿಗೆ ಈ ವಾರವೇ ಅರ್ಜಿ ಕೊಟ್ಟು, ಸ್ವೀಕೃತಿ ಚೀಟಿ ಇಸಕೊಳ್ರಿ.